ಲತಾ ಹೋಗದ ದೇಶ

ಹೋದ ತಿಂಗಳು ನಮ್ಮಮ್ಮನ ಹಿತ್ತಾಳೆ ಬಿಂದಿಗೆಗೆ ಪಾಲಿಶ್ ಹಾಕಿಸಲು ಪೀಣ್ಯ ಎರಡನೇ ಹಂತದ ಒಂದು ಸಂದಿಗೆ ಹೋಗಿದ್ದೆ. ಗಿರಗಿರನೆ ತಿರುಗುತ್ತಿದ್ದ ಬಟ್ಟೆಯ ಚಕ್ರಕ್ಕೆ ಅಂಗಡಿಯವನು ಬಿಂದಿಗೆಯ ಹೊಟ್ಟೆಯನ್ನು ಒತ್ತಿ ಹಿಡಿದ. ಮೇಣವೂ ನೂಲೂ ಒಟ್ಟಿಗೆ ಸುಟ್ಟ ವಾಸನೆ ಎದ್ದಿತು. ಐದಾರು ವರ್ಷ ಆ ವಾಸನೆ ನನ್ನ ಸೀರೆಯಲ್ಲಿ, ತಲೆಗೂದಲಲ್ಲಿ, ಊಟದ ಡಬ್ಬಿಯ ಚೀಲದಲ್ಲಿ ಇತ್ತು. ಆಗ ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ಈಗ ಒಂದೇ ಸಲಕ್ಕೆ ಮೂರು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು. ಆ ಮಳೆಗಾಲದಲ್ಲಿ ನಾನೊಂದು ನಿಜ ಹೇಳಿದ್ದೆ. ಎಲ್ಲರೂ ಹೊಗಳಿದರು. ಅದನ್ನು ಹೇಳಿದ್ದು ಹೊಟ್ಟೆಕಿಚ್ಚಿಗೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನಮ್ಮದು ಟಿ. ದಾಸರಹಳ್ಳಿಯ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಲೇತ್ ಅಂಗಡಿಗಳಿವೆ. ಉಳಿದ ಜಾಗದಲ್ಲಿ ಅಪ್ಪ ಮೂರಂತಸ್ತು ಕಟ್ಟಿಸಿ ರೂಮುಗಳನ್ನು ಬಾಡಿಗೆಗೆ ಕೊಟ್ಟಿದ್ದರು. ನಾನು ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಅದು ಸರಿಹೋಗದೆ ತವರಿಗೆ ವಾಪಸ್ ಬಂದವಳು. ಮೂವತ್ತಾರನೇ ವಯಸ್ಸಿಗೆ ಒಂದು ಆರೋಗ್ಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಪೀಣ್ಯದಲ್ಲಿ ಪಾಲಿಶ್ ಕೆಲಸ ಮಾಡುವವರ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ನೋಡುವ ಅಧ್ಯಯನ ಅದು. ಬೇರಿಂಗ್ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ ನಮ್ಮ ರೂಮು. ಭಾನುವಾರ ಬೆಳಿಗ್ಗೆ ಕೆಲಸಗಾರರು ಬರುತ್ತಿದ್ದರು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, ಎದೆಯಲ್ಲಿ ಇರುವಷ್ಟೂ ಗಾಳಿಯನ್ನು ಮಷೀನಿನೊಳಕ್ಕೆ ಊದಿಸಬೇಕು. ಅರ್ಧಕ್ಕೆ ಬಿಟ್ಟರೆ ಲೆಕ್ಕಕ್ಕಿಲ್ಲ. ಅದಕ್ಕೇ ನಾನು ಪಕ್ಕದಲ್ಲಿ ನಿಂತು, "ಊದಿ, ಊದಿ, ಊದಿ, ಬಿಡಬೇಡಿ, ಇನ್ನೂ ಇದೆ, ಊದಿ!" ಎಂದು ಕಿರುಚುತ್ತಿದ್ದೆ. ಕೆಳಗೆ ಬೇರಿಂಗ್ ಅಂಗಡಿಯವರಿಗೂ ಕೇಳಿಸುತ್ತಿತ್ತು. ಪೀಣ್ಯದ ಸಂದಿಗಳಲ್ಲಿ ನನ್ನ ಹೆಸರು ಊದೋ ಮೇಡಂ.

ಲತಾ ಬಂದಿದ್ದು ನಾನು ಸೇರಿ ಎರಡು ವರ್ಷದ ಮೇಲೆ. ಆನೇಕಲ್ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅಲ್ಲಿಂದ ದಿನಾ ಓಡಾಡಲು ಆಗುವುದಿಲ್ಲ ಎಂದಾಗ ನಾನೇ ನಮ್ಮ ಮನೆಯ ಮೇಲಿನ ರೂಮು ಕೊಡಿಸಿದೆ. ಮಷೀನು ಹಿಡಿಯುವುದು ಹೇಗೆ, ಕೆಲಸಗಾರರ ಹತ್ತಿರ ಮಾತು ತೆಗೆಯುವುದು ಹೇಗೆ, ಯಾವ ಓನರ್ ಎದುರಿಗೆ ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲವನ್ನೂ ನಾನೇ ಕಲಿಸಿದ್ದು. ಮಧ್ಯಾಹ್ನ ಇಬ್ಬರೂ ಡಬ್ಬಿ ಹಂಚಿಕೊಂಡು ಊಟ ಮಾಡುತ್ತಿದ್ದೆವು. ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತು ಅಂಕಿಅಂಶದ ಆನ್‌ಲೈನ್ ಪಾಠ ಕೇಳುವಾಗ, "ಇನ್ನೂ ಎಷ್ಟು ಓದ್ತೀಯೇ, ಕಣ್ಣು ಹೋಗತ್ತೆ" ಎಂದು ನಗುತ್ತಿದ್ದೆ. ನಾನೂ ಅವಳ ಪಕ್ಕ ಕೂತು ಕಲಿಯಬಹುದಿತ್ತು. ಕೂರಲಿಲ್ಲ.

ಪರೀಕ್ಷೆಗೆ ತಪ್ಪದೆ ಬರುತ್ತಿದ್ದವರಲ್ಲಿ ತಿಮ್ಮರಾಜು ಒಬ್ಬ. ತುಮಕೂರು ಕಡೆಯವನು, ನಲವತ್ತೈದು ದಾಟಿತ್ತು. ಕುಕ್ಕರಿನ ಮುಚ್ಚಳಕ್ಕೆ ಪಾಲಿಶ್ ಹಾಕುವ ಕೆಲಸ. ಪ್ರತಿ ವರ್ಷವೂ ಅವನ ಉಸಿರಿನ ಅಳತೆ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಒಂದು ಭಾನುವಾರ ಮೂಗಿನ ಕ್ಲಿಪ್ಪು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ.

"ಮೇಡಂ, ಒಂದ್ ಮಾತು. ಇದು ಧೂಳಿಂದ ಆಗಿರೋದಾ, ಬೀಡಿಯಿಂದ ಆಗಿರೋದಾ?"

"ಬೀಡಿ ಬಿಟ್ಟು ಎಷ್ಟು ವರ್ಷ ಆಯ್ತು?"

"ಮಗಳು ಹುಟ್ಟಿದಾಗ ಬಿಟ್ಟೆ. ಈಗವಳು ಪಿಯುಸಿ. ಆದ್ರೂ ನಮ್ ಓನರ್ರು, ಇದು ಆ ಬೀಡಿದೇ ಕಣಯ್ಯ ಅಂತಾರೆ. ಧೂಳಿಂದ ಅಂತ ಡಾಕ್ಟ್ರು ಒಂದ್ ಕಾಗ್ದ ಕೊಟ್ರೆ ಪ್ಯಾಕಿಂಗ್‌ಗೆ ಹಾಕ್ತೀನಿ ಅಂದವ್ರೆ."

ಅಂಥ ಕಾಗದ ಕೊಡುವ ಧೈರ್ಯ ನಮ್ಮ ಡಾಕ್ಟರಿಗೂ ಇರಲಿಲ್ಲ. ಅಧ್ಯಯನದ ಮುಖ್ಯಸ್ಥೆ ಡಾ. ವಸುಧಾ ಮೇಡಂ ಒಳ್ಳೆಯವರು, ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರಲ್ಲ. ನಮ್ಮ ಹತ್ತಿರ ಇದ್ದದ್ದು ಐದೇ ವರ್ಷದ ಅಳತೆ. ಇಂಥದೇ ಪಾಲಿಶ್ ಕೆಲಸದವರ ದಾಖಲೆಯನ್ನು ಯುರೋಪಿನ ಒಂದು ವಿಶ್ವವಿದ್ಯಾಲಯ ತಲೆಮಾರುಗಳಿಂದ ಇಟ್ಟುಕೊಂಡು ಬಂದಿತ್ತು. ಹೊಗೆ ಸೇದುವವರದು, ಸೇದಿ ಬಿಟ್ಟವರದು, ಮುಟ್ಟದೇ ಇದ್ದವರದು, ಎಲ್ಲ ಬೇರೆ ಬೇರೆಯಾಗಿ. ಅವರದನ್ನೂ ನಮ್ಮದನ್ನೂ ಸೇರಿಸಿ ನೋಡಿದರೆ ಯಾವ ಹಾನಿ ಧೂಳಿನದು, ಯಾವುದು ಹೊಗೆಯದು ಎಂದು ಬಿಡಿಸಿ ಹೇಳಬಹುದು. ಈ ಮಾತುಕತೆ ಒಂದು ವರ್ಷದಿಂದ ನಡೆದಿತ್ತು. ಆಯಿತೆಂದರೆ ನಮ್ಮಲ್ಲೊಬ್ಬರು ಅಲ್ಲಿಗೆ ಹೋಗಬೇಕಾಗುತ್ತದೆ ಎಂಬ ಮಾತೂ ಇತ್ತು.

ಮೇ ಕೊನೆಯ ವಾರ. ಆ ವರ್ಷ ಮಳೆ ಬೇಗ ಶುರುವಾಗಿತ್ತು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಳಗೆ ಮೊಣಕಾಲುದ್ದ ನೀರು. ನೆನೆದ ಚಪ್ಪಲಿಯಲ್ಲೇ ಮೀಟಿಂಗಿಗೆ ಹೋಗಿ ಕೂತೆವು. ವಸುಧಾ ಮೇಡಂ ಸಂತೋಷದಲ್ಲಿದ್ದರು. ಅಲ್ಲಿಯವರು ಒಪ್ಪಿದ್ದಾರೆ, ನಮ್ಮ ಮಾಹಿತಿಯೆಲ್ಲ ಅಲ್ಲಿಗೆ ಹೋಗುತ್ತದೆ, ಅದರ ಜೊತೆಗೆ ನಮ್ಮ ಕಡೆಯವರೊಬ್ಬರು ಆರು ತಿಂಗಳು ಅಲ್ಲಿದ್ದು ಕೆಲಸ ಮಾಡಬೇಕು ಎಂದರು. ಐದು ವರ್ಷ ಒಬ್ಬೊಬ್ಬರ ಪಕ್ಕದಲ್ಲೂ ನಿಂತು ಕಿರುಚಿದವಳು ನಾನು. ಇನ್ಯಾರನ್ನು ಕಳಿಸುತ್ತಾರೆ?

"ಲತಾನ ಕಳ್ಸೋಣ ಅಂತ ಮಾಡಿದೀವಿ" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾ, ನೀವಿಲ್ದೇ ಇದ್ರೆ ಇಲ್ಲಿ ಏನೂ ನಡೆಯಲ್ಲ ಕಣ್ರೀ. ನಿಮ್ಮನ್ನ ಬಿಟ್ಟುಕೊಡೋ ಹಾಗೇ ಇಲ್ಲ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೀವಿಲ್ಲದಿದ್ದರೆ ನಡೆಯುವುದಿಲ್ಲ ಎಂಬ ಮಾತಿಗೆ ನೀವು ಇಲ್ಲೇ ಬಿದ್ದಿರಿ ಎಂಬ ಅರ್ಥವೂ ಇದೆ ಎಂದು ಅಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಲತಾ ನನ್ನ ಕೈ ಹಿಡಿದುಕೊಂಡು, "ಅಕ್ಕ, ನಂಗೆ ಭಯ ಆಗ್ತಿದೆ" ಎಂದಳು. "ಹೋಗೇ, ಭಯ ಎಂಥದು" ಎಂದೆ. ನನ್ನ ಧ್ವನಿ ನನಗೇ ಪರಕೀಯವಾಗಿ ಕೇಳಿಸಿತು.

ಜೂನ್ ತಿಂಗಳು ಹೇಗೆ ಕಳೆಯಿತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಬೆಳಿಗ್ಗೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ ತಂತಿಯ ಮೇಲೆ ಹೊರದೇಶದ ಚಳಿಗೆಂದು ಅವಳು ತಂದಿದ್ದ ಹೊಸ ಜಾಕೆಟ್ಟು. ಕೊಂಡ ದಿನವೇ ಒಗೆದು ಹಾಕಿದ್ದಳು, ಮಳೆಗೆ ನಾಲ್ಕು ದಿನವಾದರೂ ಒಣಗಿರಲಿಲ್ಲ. ನೀಲಿ ಬಣ್ಣ, ಒಳಗೆ ಹತ್ತಿಯಂಥದು ತುಂಬಿ ದಪ್ಪಗಿತ್ತು. ಮೋಡ ಕವಿದು ಹನಿ ಬೀಳತೊಡಗಿದಾಗ ಒಂದು ದಿನ ನಮ್ಮ ಬಟ್ಟೆಗಳನ್ನಷ್ಟೇ ತೆಗೆದುಕೊಂಡು ಕೆಳಗಿಳಿದೆ. ಸಂಜೆ ಅವಳು, "ಅಯ್ಯೋ, ಮತ್ತೆ ನೆನೆದುಹೋಯ್ತಲ್ಲಕ್ಕ" ಎಂದಾಗ, "ನೋಡ್ಲಿಲ್ಲ ಕಣೇ" ಎಂದೆ.

ನಮ್ಮಮ್ಮನಿಗಂತೂ ಅವಳದೇ ಧ್ಯಾನ. ಕೊಬ್ಬರಿ ತುರಿದು, ಕಡಲೆಬೇಳೆ ಹುರಿದು, ಚಟ್ನಿಪುಡಿ ಮಾಡಲು ಕೂತರು. ಬಾಣಲೆಯ ಘಮ ಮನೆಯೆಲ್ಲ ತುಂಬಿತು.

"ಅಲ್ಲಿ ಬಿಸ್ಲೇ ಬರಾಕಿಲ್ವಂತೆ ಕಣೇ ಗಿರಿಜಾ. ಆ ಉಡ್ಗಿ ಎಂಗಿರ್ತದೋ ಏನೋ" ಎಂದರು.

"ಇರ್ತಾಳೆ ಬಿಡಮ್ಮ. ಅವಳೇನು ಮಗೂನಾ?"

"ಅಂಗಂದ್ರೆ ಎಂಗೆ? ತಂದೆ ತಾಯಿ ಬಿಟ್ಟು ಒಂಟಿಯಾಗಿ ಓಯ್ತಾ ಅವ್ಳೆ. ಧೈರ್ಯ ಅಂದ್ರೆ ಅದು."

ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ನಾನು ಒಂಟಿಯಾಗಿ ವಾಪಸ್ ಬಂದ ದಿನ ಅಮ್ಮ ಧೈರ್ಯ ಎಂದಿರಲಿಲ್ಲ. ನನಗೆಂದು ಚಟ್ನಿಪುಡಿ ಡಬ್ಬಿಗೆ ತುಂಬುವ ಸಂದರ್ಭವೂ ಅವರಿಗೆ ಬಂದಿರಲಿಲ್ಲ. ನಾನು ಎಲ್ಲಿಗೂ ಹೋದವಳೇ ಅಲ್ಲ. ಲತಾಳ ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಣೆಗೆ ಬಂದಾಗ ಮನೆ ಮಾಲೀಕರ ಪರವಾಗಿ ಸಹಿ ಹಾಕಿದ್ದು ನಾನೇ. "ಹುಡುಗಿ ಹೆಂಗೆ ಮೇಡಂ, ಒಳ್ಳೆಯವ್ರಾ?" ಎಂದು ಕೇಳಿದರು. "ತುಂಬಾ ಒಳ್ಳೆಯವಳು ಸಾರ್" ಎಂದು ಬರೆದುಕೊಟ್ಟೆ. ನನಗೆ ಪಾಸ್‌ಪೋರ್ಟ್ ಇಲ್ಲ.

ಮಾಹಿತಿ ಹೊರದೇಶಕ್ಕೆ ಹೋಗುವ ಮೊದಲು ಎಥಿಕ್ಸ್ ಕಮಿಟಿ ಒಪ್ಪಬೇಕಿತ್ತು. ಜನರನ್ನು ಒಳಗೊಂಡ ಯಾವ ಅಧ್ಯಯನವಾದರೂ ಅವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ಜುಲೈ ಮೊದಲ ಶನಿವಾರ ಮಧ್ಯಾಹ್ನ, ಸಮಿತಿಗೆ ಕೊಡಬೇಕಾದ ಕಾಗದಪತ್ರಗಳನ್ನು ಮನೆಗೆ ತಂದು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಕೆಲಸಗಾರರು ಸಹಿ ಹಾಕಿದ್ದ ಕನ್ನಡದ ಒಪ್ಪಿಗೆ ಪತ್ರವೂ ಇತ್ತು. ಐದು ವರ್ಷದ ಹಿಂದೆ ಇಂಗ್ಲಿಷಿನಿಂದ ಅದನ್ನು ಕನ್ನಡಕ್ಕೆ ಬರೆದವಳು ನಾನು.

ಇಂಗ್ಲಿಷಿನಲ್ಲಿ ಇದ್ದದ್ದು ಮಾಹಿತಿಯನ್ನು ಗೋಪ್ಯವಾಗಿ ಇಡಲಾಗುವುದು ಎಂದಷ್ಟೇ. ಹಾಗೆ ಬರೆದರೆ ಪೀಣ್ಯದ ಕೆಲಸಗಾರ ನಂಬುವುದಿಲ್ಲ ಎಂದು ಆಗ ನನಗನಿಸಿತ್ತು. ಅವರ ಭಯವೆಲ್ಲ ಓನರ್ ಕೈಗೆ ರಿಪೋರ್ಟು ಸಿಕ್ಕರೆ ಎಂಬುದೇ. ಅದಕ್ಕೇ ನಾನು ಒಂದು ಸಾಲು ಸೇರಿಸಿದ್ದೆ: "ನಿಮ್ಮ ಮಾಹಿತಿ ನಮ್ಮ ಕೇಂದ್ರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ." ಅದನ್ನು ಒಬ್ಬೊಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿದ್ದೆ. ಎಷ್ಟೋ ಜನ ಆ ಸಾಲು ಕೇಳಿದ ಮೇಲೆಯೇ ಪೆನ್ನು ಕೈಗೆತ್ತಿಕೊಂಡಿದ್ದು. ಹೊರದೇಶದ ಯೋಚನೆಯೇ ಇಲ್ಲದ ಕಾಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಸಾಲು ಅಲ್ಲಿದೆ ಎಂದು ನನಗೆ ಆ ಶನಿವಾರ ಹೊಳೆದಿದ್ದೂ ಅಲ್ಲ. ಮಾತುಕತೆ ಶುರುವಾದಾಗಿನಿಂದ ಗೊತ್ತಿತ್ತು. ಹೋಗುವವಳು ನಾನೇ ಎಂದುಕೊಂಡಿದ್ದಷ್ಟು ದಿನ ಅದೊಂದು ಸಣ್ಣ ವಿಷಯವಾಗಿ ಕಂಡಿತ್ತು. ಹೆಸರು ತೆಗೆದು ಕಳಿಸುತ್ತಾರೆ, ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಈಗ ಅದೇ ಸಾಲು ದಪ್ಪ ಅಕ್ಷರದಲ್ಲಿ ಅಚ್ಚಾದಂತೆ ಕಂಡಿತು. ಮೇಡಂಗೆ ಫೋನ್ ಮಾಡಬಹುದಿತ್ತು. ಮೇಲಿನ ರೂಮಿಗೆ ಹೋಗಿ ಲತಾಳಿಗೆ ತೋರಿಸಬಹುದಿತ್ತು, ಹದಿನೆಂಟು ಮೆಟ್ಟಿಲು. ಯಾವುದನ್ನೂ ಮಾಡದೆ ಕಾಗದಗಳನ್ನು ಫೈಲಿಗೆ ಹಾಕಿ ದಾರ ಬಿಗಿದೆ.

ಮರುವಾರ ಕೇಂದ್ರದ ಮುಖ್ಯ ಕಚೇರಿಯಲ್ಲಿ ಸಮಿತಿ ಸೇರಿತು. ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಎಲ್ಲ ಮುಗಿಯುತ್ತ ಬಂದಾಗ, "ಫೀಲ್ಡಿನವರು ಏನಾದರೂ ಹೇಳೋದಿದೆಯಾ?" ಎಂದು ವಾಡಿಕೆಯಂತೆ ಕೇಳಿದರು. ನಾನು ಎದ್ದು ನಿಂತೆ. ಆ ಸಾಲನ್ನು ಓದಿದೆ. ಓದಿ, "ಜನ ಇದನ್ನ ನಂಬಿ ಸಹಿ ಹಾಕಿದಾರೆ ಸಾರ್. ಈಗ ಕಳಿಸಿದ್ರೆ ಮಾತಿಗೆ ತಪ್ಪಿದ ಹಾಗಾಗತ್ತೆ" ಎಂದೆ.

ವಸುಧಾ ಮೇಡಂ ಕೈಯಲ್ಲಿದ್ದ ಪ್ರತಿಯನ್ನು ತಿರುವಿ ಆ ಸಾಲು ಹುಡುಕಿದರು. ಅವರ ಮುಖ ಇಳಿದುಹೋಯಿತು.

"ಇದನ್ನ ಬರೆದವರು ಯಾರು?" ಎಂದರು ಅಧ್ಯಕ್ಷರು.

"ನಾನೇ ಸಾರ್."

"ನೋಡಿ, ಇಂಥವರು ಬೇಕು" ಎಂದು ಅವರು ಉಳಿದವರ ಕಡೆ ನೋಡಿದರು. "ತಾನು ಬರೆದದ್ದರ ಜವಾಬ್ದಾರಿ ತಾನೇ ಹೊತ್ತುಕೊಂಡು ಹೇಳ್ತಾ ಇದ್ದಾರೆ. ಬಹಳ ಸಂತೋಷ ಅಮ್ಮ."

ಲತಾ ಎದುರುಗಡೆ ಕೂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಪ್ರತಿಯೊಬ್ಬರ ಹತ್ತಿರವೂ ಮತ್ತೆ ಹೋಗಿ ಹೊಸದಾಗಿ ಒಪ್ಪಿಗೆ ಕೇಳಬೇಕು, ಬೇಡ ಎಂದವರದು ಕಳಿಸುವಂತಿಲ್ಲ, ಅಲ್ಲಿಯವರೆಗೆ ಎಲ್ಲವೂ ನಿಲ್ಲಬೇಕು ಎಂದು ಬರೆದುಕೊಂಡರು. ಆಗಸ್ಟಿನಲ್ಲಿ ಹೊರಡಬೇಕಿದ್ದ ಪಯಣ ನಿಂತಿತು. ಮೆಟ್ರೋದಲ್ಲಿ ಇಬ್ಬರೂ ಪಕ್ಕಪಕ್ಕ ನಿಂತು ಬಂದೆವು. ದಾಸರಹಳ್ಳಿಯಲ್ಲಿ ಇಳಿದು ಕೊಡೆ ಬಿಚ್ಚುವಾಗ ಲತಾ ಹೇಳಿದಳು: "ನೀವು ಹೇಳಿದ್ದು ಸರಿ ಅಕ್ಕ."

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಮೇಲಿನ ಎರಡು ತಿಂಗಳು ಇಬ್ಬರೂ ಮಳೆಯಲ್ಲಿ ಸಂದಿ ಸಂದಿ ಅಲೆದೆವು. ಚರಂಡಿ ಉಕ್ಕಿ ರಸ್ತೆಯ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಕೆಲವರು ಕಾರ್ಖಾನೆ ಬದಲಾಯಿಸಿದ್ದರು, ಕೆಲವರು ಊರಿಗೆ ಹೋಗಿಬಿಟ್ಟಿದ್ದರು, ಫೋನ್ ನಂಬರುಗಳು ಯಾರ್ಯಾರದೋ ಆಗಿದ್ದವು. ಸಿಕ್ಕವರಿಗೆಲ್ಲ ಮೊದಲಿಂದ ವಿವರಿಸಬೇಕು. "ಫಾರಿನ್‌ಗ್ಯಾಕೆ ಮೇಡಂ? ಅಲ್ಲಿಯವ್ರಿಗೆ ನಮ್ ಎದೆ ಕಟ್ಕೊಂಡು ಏನಾಗ್ಬೇಕು?" ಎಂದು ಒಬ್ಬ ಕೇಳಿದ. "ಆಮೇಲೆ ಔಷಧಿ ಮಾಡಿ ನಮಗೇ ಮಾರ್ತಾರೆ, ಅಷ್ಟೇ" ಎಂದ ಇನ್ನೊಬ್ಬ.

ನಲ್ಲಿಗಳಿಗೆ ಹೊಳಪು ಹಾಕುವ ಶೆಡ್ಡೊಂದರಲ್ಲಿ ಶಾರದಮ್ಮ ಇದ್ದಳು. ಆ ಸಾಲಿನ ಅಂಗಡಿಗಳಲ್ಲೆಲ್ಲ ಪಾಲಿಶ್ ಚಕ್ರದ ಮುಂದೆ ಕೂರುವ ಹೆಂಗಸು ಅವಳೊಬ್ಬಳೇ. ಮುಖಕ್ಕೆ ಕಟ್ಟಿದ್ದ ಟವೆಲ್ ಕೆಳಗೆಳೆದು ನನ್ನನ್ನೇ ನೋಡಿದಳು.

"ಎಲ್ಲಿಗೂ ಹೋಗಲ್ಲ ಅಂತ ಅವತ್ತು ಓದಿ ಹೇಳಿದ್ದು ನೀವೇ ಅಲ್ವಾ ಮೇಡಂ? ಈಗ ಹೋಗತ್ತೆ ಅಂತೀರ. ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?"

ನಾನು ಏನೋ ಹೇಳಲು ಹೋಗಿ ತೊದಲಿದೆ. ಲತಾ ಅವಳ ಪಕ್ಕದಲ್ಲಿದ್ದ ಡಬ್ಬದ ಮೇಲೆ ಕೂತಳು. "ಅವತ್ತು ಅದು ನಿಜಾನೇ ಇತ್ತಕ್ಕ. ಈಗ ಬದಲಾಗಿದೆ, ಅದಕ್ಕೇ ಕೇಳಕ್ಕೆ ಬಂದಿದೀವಿ. ಬೇಡ ಅಂದ್ರೆ ಬೇಡ ಅಂತಲೇ ಬರ್ಕೊಳ್ತೀನಿ. ನಿಮ್ ಟೆಸ್ಟು ಹಂಗೇ ನಡೆಯತ್ತೆ, ಯಾರೂ ಏನೂ ಅನ್ನಲ್ಲ."

ಶಾರದಮ್ಮ ಕೈಯಲ್ಲಿದ್ದ ನಲ್ಲಿಯನ್ನು ಪಕ್ಕಕ್ಕಿಟ್ಟಳು. "ಹೆಸ್ರು ತೆಗೀತೀರ ಅಂತೀರಲ್ಲ. ಈ ಶೆಡ್ಡು, ಈ ಕೆಲ್ಸ, ಹೆಂಗಸು ಅಂತ ಬರೆದ್ರೆ ಸಾಕಲ್ಲವ್ವ, ನಾನೇ ಅಂತ ಯಾರಿಗಾದ್ರೂ ಗೊತ್ತಾಗತ್ತೆ."

ಐದು ವರ್ಷದಲ್ಲಿ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಲತಾ ಪುಸ್ತಕ ತೆಗೆದು ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದುಕೊಂಡಳು. "ಇದನ್ನ ಸರಿ ಮಾಡೋವರ್ಗೂ ನಿಮ್ದು ಕಳಿಸಲ್ಲ" ಎಂದಳು. ಶಾರದಮ್ಮ ನಮ್ಮಿಬ್ಬರಿಗೂ ಟೀ ತರಿಸಿದಳು, ಆದರೆ ಲೋಟವನ್ನು ಮೊದಲು ಕೊಟ್ಟಿದ್ದು ಲತಾಳ ಕೈಗೆ. ಅಷ್ಟಕ್ಕೂ ನನಗೆ ಉರಿಯಿತು. ಊದೋ ಮೇಡಂ ನಾನು, ಇವರನ್ನೆಲ್ಲ ಇವಳಿಗೆ ಪರಿಚಯ ಮಾಡಿಸಿದವಳು ನಾನು. ಮನೆಗೆ ಹೋಗುವ ದಾರಿಯಲ್ಲಿ, "ನನ್ನ ಮಾತು ಮುಗಿಯೋ ಮುಂಚೆ ನೀನ್ಯಾಕೆ ಬಾಯಿ ಹಾಕಿದೆ?" ಎಂದು ಜಗಳ ತೆಗೆದೆ. "ಸಾರಿ ಅಕ್ಕ" ಎಂದಳು.

ತಿಮ್ಮರಾಜು ಒಂದೇ ಮಾತಿಗೆ ಸಹಿ ಹಾಕಿದ. "ನಾನಂತೂ ವಿಮಾನ ಹತ್ತಲ್ಲ ಮೇಡಂ, ನನ್ ಉಸ್ರಾದ್ರೂ ಹೋಗ್ಬರ್ಲಿ" ಎಂದು ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಸೆಪ್ಟೆಂಬರ್ ಕೊನೆಗೆ ಬಹಳ ಮಂದಿ ಒಪ್ಪಿದ್ದರು. ಆದರೆ ಅಷ್ಟರಲ್ಲಿ ನಿಯಮ ಬದಲಾಗಿ ಸರ್ಕಾರದ ಅನುಮತಿಯೂ ಬೇಕೆಂದಾಗಿತ್ತು. ಆ ಫೈಲು ದೆಹಲಿಗೆ ಹೋಗಿ ಕೂತಿತ್ತು, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಆ ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ವಿಡಿಯೊದಲ್ಲಿ ಮಾತಿಗೆ ಬಂದರು. ವಸುಧಾ ಮೇಡಂ ಬೇಸತ್ತು, ನಿಮ್ಮ ದಾಖಲೆಗಳನ್ನೇ ಇಲ್ಲಿಗೆ ಕಳಿಸಿಬಿಡಿ ಎಂದರು. ಆಕೆ ತಲೆ ಅಲ್ಲಾಡಿಸಿದರು. ಅವರ ಕಾನೂನು ಇನ್ನೂ ಬಿಗಿ. ಅಲ್ಲಿಯವರ ಆರೋಗ್ಯದ ದಾಖಲೆ ಅಷ್ಟು ಸುಲಭವಾಗಿ ಗಡಿ ದಾಟುವಂತಿಲ್ಲ. ಆದರೆ ಲತಾಳ ಜಾಗವನ್ನು ಮುಂದಿನ ವರ್ಷದವರೆಗೂ ಹಾಗೇ ಇಟ್ಟಿರುತ್ತೇವೆ, ಅವಸರವಿಲ್ಲ ಎಂದರು.

ಇಷ್ಟೆಲ್ಲ ಆದ ಮೇಲೂ ಅವಳು ಹೋಗುತ್ತಾಳೆ.

ಆಗ ಲತಾ ಮಾತಾಡಿದಳು, ತಡವರಿಸುವ ಇಂಗ್ಲಿಷಿನಲ್ಲಿ. ನಿಮ್ಮದು ನಿಮ್ಮಲ್ಲೇ ಇರಲಿ, ನಮ್ಮದು ನಮ್ಮಲ್ಲೇ ಇರಲಿ. ಲೆಕ್ಕ ಮಾಡುವ ಪ್ರೋಗ್ರಾಮನ್ನು ನೀವು ಬರೆದು ಕಳಿಸಿ. ನಾವು ಇಲ್ಲಿ ನಮ್ಮವರ ಮೇಲೆ ಅದನ್ನು ನಡೆಸುತ್ತೇವೆ, ನೀವು ಅಲ್ಲಿ ನಿಮ್ಮವರ ಮೇಲೆ. ಕೊನೆಯ ಉತ್ತರಗಳನ್ನು ಮಾತ್ರ ಹೋಲಿಸಿ ನೋಡೋಣ. ಒಬ್ಬೊಬ್ಬರ ವಿವರ ಯಾವ ಕಡೆಯೂ ಹೋಗುವುದಿಲ್ಲ. ಹೀಗೆ ಬೇರೆ ಕಡೆ ಮಾಡುತ್ತಾರಂತೆ, ಪಾಠದಲ್ಲಿ ಓದಿದ್ದೇನೆ.

ಪ್ರೊಫೆಸರಮ್ಮ ಕೂಡಲೇ ಮುಂದಕ್ಕೆ ಬಗ್ಗಿದರು. ಆಗುತ್ತದೆ, ಅದಕ್ಕೆ ನಿಮ್ಮ ಸಮಿತಿ ಒಪ್ಪಿದರೆ ಸಾಕಾಗಬಹುದು ಎಂದರು. ಆಮೇಲೆ, ಹಾಗೆ ಮಾಡಿದರೆ ನೀವು ಇಲ್ಲಿಗೆ ಬರುವ ಅಗತ್ಯ ಬೀಳುವುದಿಲ್ಲ ಎಂದರು.

"ಗೊತ್ತು" ಎಂದಳು ಲತಾ.

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಮುಂದಿನ ವರ್ಷ ಹೋಗಬಹುದಿತ್ತಲ್ಲೇ, ಹುಚ್ಚಿ?"

"ತಿಮ್ಮರಾಜಣ್ಣ ಮುಂದಿನ ವರ್ಷದವರೆಗೂ ಅದೇ ಚಕ್ರದ ಮುಂದೆ ಕೂತಿರ್ಬೇಕಲ್ಲ ಅಕ್ಕ."

ಪ್ರೋಗ್ರಾಮು ಬಂತು. ಸಮಿತಿ ಒಪ್ಪಿತು. ಶಾರದಮ್ಮನಂಥವರ ಗುರುತು ಸಿಗದ ಹಾಗೆ ಶೆಡ್ಡುಗಳನ್ನೂ ಕೆಲಸಗಳನ್ನೂ ದೊಡ್ಡ ಗುಂಪುಗಳಾಗಿ ಸೇರಿಸಿದ ಮೇಲೆ ಲತಾ ಅವಳ ಶೆಡ್ಡಿಗೆ ಮತ್ತೆ ಹೋಗಿ, ಕಾಗದ ತೋರಿಸಿ, ಅವಳ ಸಹಿಯನ್ನೂ ತಂದಳು. ನವೆಂಬರ್, ಡಿಸೆಂಬರ್ ಪೂರ್ತಿ ಬೇರಿಂಗ್ ಅಂಗಡಿಯ ಮೇಲಿನ ಆ ರೂಮಿನಲ್ಲೇ ಅವಳು ಕೆಲಸ ಮಾಡಿದಳು. ಕರೆಂಟು ಹೋದಾಗಲೆಲ್ಲ ಮೊದಲಿಂದ. ಒಂದು ದಿನ ಚಳಿಯಾಗುತ್ತಿದೆ ಎಂದು ಆ ನೀಲಿ ಜಾಕೆಟ್ಟು ಹಾಕಿಕೊಂಡು ಕೂತಿದ್ದಳು. ನನಗೆ ಅವಳ ಕಡೆ ನೋಡಲಾಗಲಿಲ್ಲ.

ಉತ್ತರ ಬಂತು. ತಿಮ್ಮರಾಜುವಿನಂಥವರಿಗೆ ಆಗಿದ್ದ ಹಾನಿ ಹೊಗೆಯದಲ್ಲ, ಬಹುಪಾಲು ಧೂಳಿನದು. ಸಂಕ್ರಾಂತಿಯ ಮರುದಿನ ಕಾಗದ ತೆಗೆದುಕೊಂಡು ಹೋಗಲು ಅವನನ್ನು ಕರೆಸಿದೆವು. ಜೂನಿನಲ್ಲಿ ಮಾತಾಡುತ್ತ ಎರಡು ಮಹಡಿ ಹತ್ತಿದ್ದವನು ಅವತ್ತು ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತ. ಮೇಲಿನಿಂದ ನೋಡುತ್ತಿದ್ದ ನಾನು ಕೆಳಗಿಳಿದು ಹೋಗಿ ಕೈ ಹಿಡಿದುಕೊಂಡೆ. ಊದಿಸಿದಾಗ ಗೊತ್ತಾಯಿತು, ಹಿಂದಿನ ಯಾವ ವರ್ಷದಲ್ಲೂ ಇಳಿಯದಷ್ಟು ಆ ಆರೇಳು ತಿಂಗಳಲ್ಲಿ ಅವನ ಉಸಿರು ಇಳಿದಿತ್ತು. ಅಂಥ ಹಾನಿಯಲ್ಲಿ ಹೋದ ಉಸಿರು ವಾಪಸ್ ಬರುವುದಿಲ್ಲ. ಕಾಗದವನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಒಳಜೇಬಿಗೆ ಹಾಕಿಕೊಂಡ. "ಬಂತಲ್ಲ ಬಿಡಿ ಮೇಡಂ, ಇನ್ಮೇಲೆ ಪ್ಯಾಕಿಂಗು, ಧೂಳಿಲ್ದಿರೋ ಕೆಲ್ಸ" ಎಂದ. ಓನರ್ ಮಾತಿಗೆ ತಪ್ಪಲಿಲ್ಲ, ಅವನನ್ನು ಪ್ಯಾಕಿಂಗಿಗೆ ಹಾಕಿದ.

ಲತಾ ಆಗಸ್ಟಿನಲ್ಲೇ ಹೋಗಿದ್ದರೆ ಆ ಕಾಗದ ದೀಪಾವಳಿಯ ಹೊತ್ತಿಗೆ ಬರುತ್ತಿತ್ತೇನೋ. ಆದರೆ ಅಷ್ಟೂ ಜನಕ್ಕೆ ಕೊಟ್ಟ ಮಾತು ಮುರಿದೇ ಬರುತ್ತಿತ್ತು. ಇವೆರಡನ್ನೂ ಎಷ್ಟು ಸಲ ತೂಗಿ ನೋಡಿದರೂ ನನ್ನ ಮನಸ್ಸು ಒಂದು ಕಡೆ ನಿಂತಿಲ್ಲ. ನಾನು ಮಾಡಿದ ರೀತಿ ಬೇರೆಯಾಗಿದ್ದರೆ, ಆ ಸಾಲನ್ನು ಒಂದು ವರ್ಷ ಮೊದಲೇ ಹೇಳಿದ್ದರೆ, ಕೊಟ್ಟ ಮಾತೂ ತಿಮ್ಮರಾಜುವಿನ ಉಸಿರೂ ಎರಡೂ ಉಳಿಯುತ್ತಿದ್ದವು ಎಂಬುದು ಮಾತ್ರ ನಿಜ.

ಫೆಬ್ರವರಿಯಲ್ಲಿ ಲತಾಳಿಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆನೇಕಲ್‌ಗೂ ಹತ್ತಿರ. ಹೊರಡುವ ಹಿಂದಿನ ದಿನ ಸಂಜೆ ಅವಳು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಹೋಗಿ ನಿಂತೆ.

"ಲತಾ, ಅವತ್ತು ಕಮಿಟೀಲಿ ಹೇಳಿದ್ನಲ್ಲ. ಜನಕ್ಕೋಸ್ಕರ ಹೇಳಿದ್ದಲ್ಲ ಅದು. ನಿನ್ನ ಹೆಸರು ಬಂತಲ್ಲ, ಅದಕ್ಕೆ ಹೇಳಿದ್ದು. ನನ್ನ ಹೆಸರು ಬಂದಿದ್ರೆ ಬಾಯೇ ಬಿಡ್ತಿರ್ಲಿಲ್ಲ."

ಅವಳ ಕೈ ತಂತಿಯ ಮೇಲೆಯೇ ನಿಂತಿತು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು.

"ನಂಗೆ ಹೇಳಿದ್ರೆ ಸಾಕಿತ್ತಲ್ಲ ಅಕ್ಕ" ಎಂದಳು ಕೊನೆಗೆ. "ಒಂದ್ ಮಾತು. ನಾನೇ ಮೇಡಂ ಹತ್ರ ಹೋಗಿ, ಇದು ಸರಿ ಇಲ್ಲ, ನಿಲ್ಸಿ ಅಂತಿದ್ದೆ. ನಾನು ಹಂಗೆ ಮಾಡಲ್ಲ ಅಂದ್ಕೊಂಡ್ರಾ?"

ಹೌದು, ಹಾಗೆಯೇ ಅಂದುಕೊಂಡಿದ್ದೆ. ನಾನು ಮಾಡುತ್ತಿರಲಿಲ್ಲ, ಅದಕ್ಕೆ. ಅದನ್ನು ಹೇಳಲಿಲ್ಲ. ಅವಳು ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನನ್ನ ಪಕ್ಕದಿಂದ ಒಳಗೆ ಹೋದಳು. ಬೆಳಿಗ್ಗೆ ರೂಮಿನ ಬೀಗದ ಕೈಯನ್ನು ನಮ್ಮಮ್ಮನ ಕೈಗೆ ಕೊಟ್ಟು, ಅವರ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ನಾನು ಬಚ್ಚಲಲ್ಲಿದ್ದೆ. ಹೊರಗೆ ಬರುವವರೆಗೆ ಅವಳು ಕಾಯಲಿಲ್ಲ, ಅವಳು ಹೋಗುವವರೆಗೆ ನಾನೂ ಹೊರಗೆ ಬರಲಿಲ್ಲ. ಆಮೇಲೆ ಫೋನಿಲ್ಲ.

ಅಧ್ಯಯನದ ಪೂರ್ತಿ ವರದಿ ಅಚ್ಚಾಗಿ ಬಂದದ್ದು ಅದಾದ ಐದು ತಿಂಗಳಿಗೆ. ವಸುಧಾ ಮೇಡಂ ಒಂದು ಪ್ರತಿ ನನ್ನ ಮೇಜಿನ ಮೇಲಿಟ್ಟರು. ಬರೆದವರ ಪಟ್ಟಿಯಲ್ಲಿ ಲತಾಳ ಹೆಸರು ಎರಡನೆಯದು. ಅದರ ಮೇಲೆ ನನ್ನ ಕಣ್ಣು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಕೊನೆಯ ಪುಟದಲ್ಲಿ ಕೃತಜ್ಞತೆಗಳು. ಅಲ್ಲಿ ಮೊದಲ ಸಾಲಿನಲ್ಲೇ, ಕೆಲಸಗಾರರಿಗೆ ಕೊಟ್ಟಿದ್ದ ಮಾತನ್ನು ಸಕಾಲದಲ್ಲಿ ನೆನಪಿಸಿ ಅವರ ನಂಬಿಕೆಯನ್ನು ಕಾಪಾಡಿದ ಗಿರಿಜಾ ಅವರಿಗೆ ಎಂದಿತ್ತು.

"ಇದನ್ನ ನೀವು ಹಾಕ್ಬಾರ್ದಿತ್ತು ಮೇಡಂ" ಎಂದೆ.

"ನಾನಲ್ಲ ಕಣ್ರೀ, ಲತಾ ಬರೆದಿದ್ದು. ಹೋದ ತಿಂಗಳು ಕೊನೇ ಸಲ ತಿದ್ದಿ ಕಳಿಸಿದಾಗ ಸೇರಿಸಿದ್ಲು."

ಹೋದ ತಿಂಗಳು ಎಂದರೆ, ಟೆರೇಸಿನಲ್ಲಿ ನಾನು ಹೇಳಿದ ಎಷ್ಟೋ ದಿನಗಳ ಮೇಲೆ. ವರದಿಯನ್ನು ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತೆ. ನಾಚಿಕೆಗಿಂತ ಮೊದಲು, ಕೃತಜ್ಞತೆಗಿಂತ ಮೊದಲು ನನ್ನೊಳಗೆ ಎದ್ದದ್ದು ಅದೇ ಹಳೆಯ ಉರಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಸಾಲನ್ನು ಬರೆಯುತ್ತಿರಲಿಲ್ಲ.